ರಾಡಿ ಗಟ್ಟಿಯಾಯಿತು, ವಿಷ ಎಲ್ಲಿ ಹೋಯಿತು?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶಕ್ಕೆ ತ್ಯಾಜ್ಯದ ಮಾದರಿ ತರಲು ಹೋಗಿದ್ದೆ. ಸಣ್ಣದೊಂದು ಪ್ಲೇಟಿಂಗ್ ಘಟಕ. ಬೋಲ್ಟು, ಬ್ರ್ಯಾಕೆಟ್ಟು, ವಾಲ್ವಿನ ಬಿಡಿಭಾಗಗಳಿಗೆ ಸತುವಿನ ಲೇಪ ಕೊಟ್ಟು, ಕೊನೆಗೆ ಕ್ರೋಮಿಯಂ ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಬೋಲ್ಟುಗಳ ಮೇಲೆ ಕಾಣುವ ಆ ಬಂಗಾರದಂಥ ಹಳದಿ ಹೊಳಪು ಬರುವುದು ಅದರಿಂದಲೇ. ಹಿತ್ತಲಲ್ಲಿ ತಗಡಿನ ಶೆಡ್ಡು, ಅದರ ಹೊರಗೆ ಬಿಸಿಲಲ್ಲಿ ನೀಲಿ ಡ್ರಮ್ಮುಗಳ ಸಾಲು. ಒಂದರ ಮುಚ್ಚಳ ತೆಗೆದರೆ ಒಳಗೆ ಬೂದು-ಹಸಿರು ಬಣ್ಣದ ಹೆಂಟೆಗಳು. ಒಂದು ಹೆಂಟೆ ಎತ್ತಿದಾಗ ಅದರ ಕೆಳಗೆ ಒಂದು ಬೆರಳಿನಷ್ಟು ಹಳದಿ ನೀರು ನಿಂತಿತ್ತು.

ಮಾಲೀಕರು ಅರವತ್ತು ದಾಟಿದವರು, ಹುಡುಗರಿದ್ದಾಗಿನಿಂದ ತೊಟ್ಟಿಯ ಪಕ್ಕದಲ್ಲೇ ನಿಂತು ಕೆಲಸ ಕಲಿತವರು. ನಾನು ಬಾಟಲಿಗೆ ಚೀಟಿ ಅಂಟಿಸುತ್ತಿದ್ದಾಗ ಕೇಳಿದರು: "ಮೇಡಮ್ಮಾರ, ಈ ರಾಡಿಗೆ ಎರಡ ಚೀಲ ಸಿಮೆಂಟ್ ಹಾಕಿ ಕಲಿಸಿ, ಹಿತ್ತಲದಾಗ ಪೇವರ್ ಹಾಕಿಬಿಟ್ರ ಆಗೂದಿಲ್ಲೇನ್ರೀ? ಗಟ್ಟಿ ಆತಂದ್ರ ಮತ್ತ ಎಲ್ಲಿ ಹೋಗ್ತೈತಿ ಅದು?"

ಅವರ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಅಪಾಯಕಾರಿ ಕೆಸರಿಗೆ ಸಿಮೆಂಟ್ ಕಲಸಿ ಗಟ್ಟಿ ಮಾಡುವುದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿಧಾನವೇ. ಅಣುಸ್ಥಾವರಗಳ ಕಡಿಮೆ ವಿಕಿರಣದ ತ್ಯಾಜ್ಯಕ್ಕೆ 1950ರ ದಶಕದಿಂದಲೂ ಇದನ್ನು ಬಳಸಿದ್ದಾರೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಸಿಡ್ನಿ ಎಂಬ ಊರಿದೆ. ಅಲ್ಲಿನ ಉಕ್ಕಿನ ಕಾರ್ಖಾನೆ ದಶಕಗಳ ಕಾಲ ಬಿಟ್ಟ ಡಾಂಬರಿನಂಥ ಹೂಳಿಗೆ ಸಿಮೆಂಟ್ ಬೆರೆಸಿ, ಲಕ್ಷಾಂತರ ಟನ್ನನ್ನು ಇದ್ದಲ್ಲೇ ಗಟ್ಟಿ ಮಾಡಿ, 2013ರಲ್ಲಿ ಅದರ ಮೇಲೆ ಉದ್ಯಾನ ತೆರೆದರು. ಅಂದಮೇಲೆ ಗೋಕುಲ ರಸ್ತೆಯ ಹಿತ್ತಲಲ್ಲಿ ಯಾಕೆ ಆಗಬಾರದು? ಇದಕ್ಕೆ ಅಲ್ಲೇ ನಿಂತು ಉತ್ತರಿಸಲು ನನ್ನಿಂದ ಆಗಲಿಲ್ಲ. ಆಮೇಲೆ ಪ್ರಯೋಗಾಲಯದಲ್ಲಿ ಅವರಿಗೇ ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಆ ಡ್ರಮ್ಮಿನಲ್ಲಿ ಇರುವುದೇನು? ಲೇಪ ಹಾಕಿದ ಮೇಲೆ ಬಿಡಿಭಾಗಗಳನ್ನು ನೀರಲ್ಲಿ ತೊಳೆಯಬೇಕು. ತೊಳೆದ ನೀರಿನಲ್ಲಿ ಸತು, ಕ್ರೋಮಿಯಂ, ಕೆಲವೆಡೆ ನಿಕ್ಕಲ್, ತಾಮ್ರ ಕರಗಿರುತ್ತವೆ. ಅದನ್ನು ಹಾಗೇ ಗಟಾರಕ್ಕೆ ಬಿಡುವಂತಿಲ್ಲ. ಸುಣ್ಣ ಹಾಕಿದರೆ ಲೋಹಗಳು ಹೈಡ್ರಾಕ್ಸೈಡ್ ಆಗಿ, ಒಡೆದ ಹಾಲಿನ ಗಿಣ್ಣದಂತೆ ತಳಕ್ಕೆ ಇಳಿಯುತ್ತವೆ. ಆ ತಳದ ರಾಡಿಯನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿದರೆ ಸಿಗುವ ಹೆಂಟೆಗೆ ಕಾರ್ಖಾನೆಯವರು 'ಕೇಕ್' ಎನ್ನುತ್ತಾರೆ. ಕೈಗೆ ಒಣಗಿದಂತೆ ಅನಿಸುತ್ತದೆ. ಆದರೆ 100 ಕೆಜಿ ಕೇಕನ್ನು ಓವನ್ನಿನಲ್ಲಿಟ್ಟು ಒಣಗಿಸಿದರೆ 70 ಕೆಜಿಯಷ್ಟು ನೀರೇ ಹಾರಿಹೋಗುವುದು ಸಾಮಾನ್ಯ. ಒಣಗಿದಂತೆ ಕಾಣುವ ಹೆಂಟೆಯೊಳಗೆ ಒಂದು ಕೆರೆಯೇ ಇದೆ. ಡ್ರಮ್ಮಿನ ತಳದ ಹಳದಿ ನೀರು ಬಂದದ್ದು ಆ ಕೆರೆಯಿಂದ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಲೋಹ ಮೂಲವಸ್ತು. ಎಣ್ಣೆಯನ್ನು ಸುಟ್ಟು ಇಲ್ಲವಾಗಿಸಬಹುದು, ಮಲಿನ ನೀರಿನ ಕೊಳೆಯನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಸೀಸ ಸುಟ್ಟರೂ ಸೀಸವೇ, ಕ್ರೋಮಿಯಂ ಹೂತರೂ ಕ್ರೋಮಿಯಂ. ಹಾಗಾಗಿ ಮುಂದಿರುವ ದಾರಿ ಎರಡೇ: ಲೋಹವನ್ನು ಮರಳಿ ತೆಗೆದು ಬಳಸುವುದು, ಇಲ್ಲವೇ ನೀರಿಗೆ ಸಿಗದ ಹಾಗೆ ಕಟ್ಟಿಹಾಕುವುದು. ಸಿಮೆಂಟಿನ ಕೆಲಸ ಎರಡನೆಯದು.

ಕಟ್ಟಿಹಾಕುವುದರಲ್ಲೂ ಎರಡು ಬಗೆ ಇದೆ. ಇವೆರಡನ್ನು ಒಂದೇ ಎಂದುಕೊಂಡಲ್ಲೇ ಎಲ್ಲ ತಪ್ಪು ಶುರುವಾಗುತ್ತದೆ. ಕರದಂಟು ನೆನಪಿಸಿಕೊಳ್ಳಿ. ಗೋಡಂಬಿ, ಬದಾಮಿ, ಅಂಟು, ಒಣಕೊಬ್ಬರಿಯನ್ನು ಬೆಲ್ಲದ ಪಾಕ ಹಿಡಿದು ಕೂರಿಸಿದೆ. ತುಂಡು ಗಟ್ಟಿಯಾಗಿದೆ, ಆದರೆ ಒಳಗಿನ ಗೋಡಂಬಿ ಗೋಡಂಬಿಯಾಗಿಯೇ ಇದೆ. ನೀರಲ್ಲಿ ಹಾಕಿ ಬೆಲ್ಲ ಕರಗಿಸಿದರೆ ಇದ್ದ ಹಾಗೇ ಹೊರಗೆ ಬರುತ್ತದೆ. ಇದು ಘನೀಕರಣ. ಹಾಲಿಗೆ ಹೆಪ್ಪು ಹಾಕಿದ್ದು ಬೇರೆ ಕಥೆ. ಮೊಸರಾದ ಮೇಲೆ ಎಷ್ಟು ನೀರು ಹಾಕಿ ಕಡೆದರೂ ಮಜ್ಜಿಗೆಯೇ ಆಗುತ್ತದೆ, ಹಾಲು ವಾಪಸ್ ಬರುವುದಿಲ್ಲ. ಒಳಗಿನ ವಸ್ತುವಿನ ಗುಣವೇ ಬದಲಾಗಿದೆ. ಇದು ಸ್ಥಿರೀಕರಣ. ಅಪಾಯಕಾರಿ ಕೆಸರಿಗೆ ಎರಡೂ ಬೇಕು: ಮೊದಲು ಲೋಹವನ್ನು ನೀರಲ್ಲಿ ಕರಗದ ರೂಪಕ್ಕೆ ತರಬೇಕು, ಆಮೇಲೆ ಅದನ್ನು ಗಟ್ಟಿ ಒಡಲಲ್ಲಿ ಕೂರಿಸಬೇಕು. ಕಣ್ಣಿಗೆ ಕಾಣುವುದು ಎರಡನೆಯದು ಮಾತ್ರ. ಜೀವ ಉಳಿಸುವುದು ಹೆಚ್ಚಾಗಿ ಮೊದಲನೆಯದು.

ಸಿಮೆಂಟಿನೊಳಗೆ ನಡೆಯುವುದೇನು

ನೀರು ಆರಿದ್ದರಿಂದ ಸಿಮೆಂಟ್ ಗಟ್ಟಿಯಾಯಿತು ಅಂತ ಅನೇಕರು ತಿಳಿದಿದ್ದಾರೆ. ಗೌಂಡಿಗಳಿಗೆ ಹಾಗಲ್ಲ ಅಂತ ಗೊತ್ತು. ಗೊತ್ತಿರುವುದರಿಂದಲೇ ಸ್ಲ್ಯಾಬಿಗೆ ವಾರಗಟ್ಟಲೆ ನೀರು ಹೊಡೆಯುತ್ತಾರೆ. ಸಿಮೆಂಟ್ ನೀರನ್ನು ತನ್ನೊಳಗೆ ಸೇರಿಸಿಕೊಂಡು ಗಟ್ಟಿಯಾಗುತ್ತದೆ. ಪೋರ್ಟ್‌ಲ್ಯಾಂಡ್ ಸಿಮೆಂಟಿನ ಬಹುಪಾಲು ಕ್ಯಾಲ್ಸಿಯಂ ಸಿಲಿಕೇಟ್. ನೀರು ತಾಗಿದೊಡನೆ ಅದರಿಂದ ಎರಡು ಹೊಸ ವಸ್ತುಗಳು ಹುಟ್ಟುತ್ತವೆ. ಒಂದು, ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅತಿ ಸೂಕ್ಷ್ಮ ರಂಧ್ರಗಳ ಜೆಲ್. ಕಾಂಕ್ರೀಟಿಗೆ ಬಲ ಬರುವುದು ಇದರಿಂದ. ಲೋಹದ ಅಯಾನುಗಳು ಇದರ ಮೈಗೆ ಅಂಟಿಕೊಳ್ಳುತ್ತವೆ, ಕೆಲವು ಇದರ ರಚನೆಯೊಳಗೇ ಸೇರಿಬಿಡುತ್ತವೆ. ಇನ್ನೊಂದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಸುಣ್ಣವೇ. ಇದರಿಂದ ಒಳಗಿನ ತೇವದ ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ನಡುಬಿಂದು, ಕೆಳಗೆ ಆಮ್ಲ, ಮೇಲೆ ಕ್ಷಾರ) 12.5ರ ಆಚೀಚೆಗೆ ಏರುತ್ತದೆ, ಅಂದರೆ ಬಲು ಕ್ಷಾರ.

ಕೆಸರಿಗೆ ಸಿಮೆಂಟ್ ಒಗ್ಗುವುದಕ್ಕೆ ಇದೇ ಕಾರಣ. ಕೆಸರಲ್ಲಿ ನೀರು ಹೆಚ್ಚಿದೆ, ಸಿಮೆಂಟಿಗೆ ನೀರು ಬೇಕು. ಲೋಹ ಕರಗದಿರಲು ಕ್ಷಾರ ಬೇಕು, ಸಿಮೆಂಟ್ ಕ್ಷಾರ ಕೊಡುತ್ತದೆ. ಜೊತೆಗೆ ಇದು ಪೇಟೆಯಲ್ಲಿ ಸಿಗುವ, ಎಲ್ಲರಿಗೂ ಕಲಸಲು ಬರುವ ಸಾಮಾನು. ನಮ್ಮ ಭಾಗಕ್ಕೆ ಇನ್ನೊಂದು ಅನುಕೂಲವಿದೆ. ರಾಯಚೂರು ಮತ್ತು ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಅದಿರು ಕರಗಿಸಿದಾಗ ಉಳಿಯುವ ಕಿಟ್ಟ), ಎರಡೂ ದೂರವಿಲ್ಲ. ನುಣ್ಣಗೆ ಅರೆದ ಸ್ಲ್ಯಾಗನ್ನು ಸಿಮೆಂಟಿನ ಒಂದು ಭಾಗದ ಬದಲಿಗೆ ಹಾಕಿದರೆ ಒಳಗಿನ ರಂಧ್ರಗಳು ಇನ್ನಷ್ಟು ಕಿರಿದಾಗುತ್ತವೆ, ಖರ್ಚೂ ಇಳಿಯುತ್ತದೆ.

ಆದರೆ ಕ್ಷಾರ ಹೆಚ್ಚಿದಷ್ಟೂ ಒಳ್ಳೆಯದು ಅನ್ನುವ ಹಾಗಿಲ್ಲ. ಪ್ರತಿ ಲೋಹಕ್ಕೂ ತಾನು ಅತಿ ಕಡಿಮೆ ಕರಗುವ ಒಂದು ಪಿಎಚ್ ಇದೆ. ಕ್ರೋಮಿಯಂನ ಹಸಿರು ರೂಪಕ್ಕೆ (ಅದರ ಎರಡು ರೂಪಗಳ ಮಾತು ಮುಂದೆ ಬರುತ್ತದೆ) ಅದು ಸುಮಾರು 8, ಸತುವಿಗೆ 9ರಿಂದ 10ರ ನಡುವೆ, ನಿಕ್ಕಲ್‌ಗೆ 10ರ ಮೇಲೆ, ಕ್ಯಾಡ್ಮಿಯಂಗೆ ಸುಮಾರು 11. ಆ ಬಿಂದುವನ್ನು ದಾಟಿ ಕ್ಷಾರ ಏರಿದರೆ ಸತು, ಸೀಸ, ಕ್ರೋಮಿಯಂ ಮತ್ತೆ ಕರಗತೊಡಗುತ್ತವೆ. ಸಿಮೆಂಟ್ ಹೆಚ್ಚು ಸುರಿದ ಮಿಶ್ರಣದಿಂದ ಸೀಸ ಮೊದಲಿಗಿಂತ ಜಾಸ್ತಿ ಹೊರಬಂದದ್ದು ಪ್ರಯೋಗಾಲಯದವರಿಗೆ ಹೊಸ ಸಂಗತಿಯಲ್ಲ. ಆದ್ದರಿಂದ 'ಇನ್ನೊಂದು ಚೀಲ ಜಾಸ್ತಿ ಹಾಕು' ಎಂಬ ಗೌಂಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದೊಂದು ಕೆಸರಿಗೂ ಒಂದೊಂದು ಪಾಕ. ತ್ಯಾಜ್ಯದ ತೂಕದ ಹತ್ತನೇ ಒಂದು ಪಾಲಿನಿಂದ ಹಿಡಿದು ಸರಿಸಮ ತೂಕದವರೆಗೂ ಸಿಮೆಂಟ್ ಬೇಕಾಗಬಹುದು. ಸಣ್ಣ ಅಚ್ಚುಗಳಲ್ಲಿ ಕಲಸಿ ನೋಡಿಯೇ ಅದನ್ನು ಗೊತ್ತುಮಾಡಬೇಕು.

ಸಿಮೆಂಟ್ ಹಿಡಿಯದೆಯೂ ಹೋಗಬಹುದು. ಗಾರೆಗೆ ಸಕ್ಕರೆ ಬಿದ್ದರೆ ಅದು ಕೂರುವುದಿಲ್ಲ ಅನ್ನುವುದು ಹಳೆಯ ಗೌಂಡಿಗಳಿಗೆ ಗೊತ್ತಿರುವ ಮಾತು. ಸತು ಮಾಡುವುದೂ ಅಂಥದ್ದೇ ಕೆಲಸ. ಸಿಮೆಂಟಿನ ಕಣದ ಸುತ್ತ ತೆಳುವಾದ ಪದರ ಕಟ್ಟಿ ನೀರು ಒಳಗೆ ಹೋಗದಂತೆ ತಡೆಯುತ್ತದೆ. ಪ್ಲೇಟಿಂಗ್ ಕೇಕಿನಲ್ಲಿ ಸತುವೇ ಹೆಚ್ಚು, ಹೀಗಾಗಿ ನಾವು ಕಲಸಿದ ಒಂದು ಅಚ್ಚು ಮೂರನೇ ದಿನವೂ ಉಗುರು ಊರಿದರೆ ಇಳಿಯುತ್ತಿತ್ತು. ಎಣ್ಣೆ, ಗ್ರೀಸು, ಪೇಂಟಿನ ದ್ರಾವಕಗಳದ್ದು ಇನ್ನೂ ಕಷ್ಟ. ಅವು ಕಣವನ್ನು ಮೆತ್ತಿಕೊಂಡು ಕೂರುತ್ತವೆ, ಸಿಮೆಂಟಿನ ಜೊತೆ ರಾಸಾಯನಿಕವಾಗಿ ಬೆಸೆಯುವುದೂ ಇಲ್ಲ. ಮಷಿನ್ ಶಾಪಿನ ಎಣ್ಣೆರಾಡಿಯನ್ನು ಇದಕ್ಕೆ ತರಲೇಬಾರದು. ಅದರ ಜಾಗ ದಹನಕುಲುಮೆ, ಇಲ್ಲವೇ ಸಿಮೆಂಟ್ ಕಾರ್ಖಾನೆಯ ಗೂಡು. ಸುಮಾರು 1450 ಡಿಗ್ರಿ ಶಾಖದಲ್ಲಿ ಎಣ್ಣೆ ಉರಿದು ಇಂಧನವಾಗುತ್ತದೆ, ಉಳಿದ ಬೂದಿ ಕ್ಲಿಂಕರಿನೊಳಗೆ, ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆಗಳೊಳಗೆ, ಸೇರುತ್ತದೆ. ಇನ್ನು ಸಲ್ಫೇಟ್ ಹೆಚ್ಚಿರುವ ಕೆಸರು ಮೊದಲು ಚೆನ್ನಾಗಿ ಗಟ್ಟಿಯಾದಂತೆ ತೋರಿ, ಕೆಲವು ತಿಂಗಳಲ್ಲಿ ಎಟ್ರಿಂಗೈಟ್ ಎಂಬ ಸೂಜಿಯಂಥ ಹರಳು ಬೆಳೆದು, ಉಬ್ಬಿ ಬಿರಿಯಬಹುದು.

ಹಳದಿ ನೀರು

ಈಗ ಆ ಡ್ರಮ್ಮಿನ ತಳಕ್ಕೆ ಬರೋಣ.

ಪರಮಾಣು ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಎಂಬ ಲೆಕ್ಕದಲ್ಲಿ ಕ್ರೋಮಿಯಂಗೆ ಎರಡು ಮುಖ್ಯ ಸ್ಥಿತಿಗಳಿವೆ, ಮೂರು ಮತ್ತು ಆರು. ಮೂರರ ಸ್ಥಿತಿಯದ್ದು ಹಸಿರು. ಸುಣ್ಣ ಹಾಕಿದರೆ ತಳಕ್ಕಿಳಿಯುತ್ತದೆ, ವಿಷವೂ ಬಹಳ ಕಡಿಮೆ. ಆರರ ಸ್ಥಿತಿಯದ್ದು ಕ್ಷಾರದಲ್ಲಿ ಹಳದಿ, ಆಮ್ಲದಲ್ಲಿ ಕಿತ್ತಳೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲನೇ ಗುಂಪಿಗೆ ಸೇರಿಸಿದೆ. ಮುಖ್ಯ ತೊಡಕು ಇದು: ಆರರ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟ್ ಆಗಿ, ಋಣ ವಿದ್ಯುದಂಶ ಹೊತ್ತು ತೇಲಾಡುತ್ತದೆ. ಸುಣ್ಣಕ್ಕೆ ಅದು ಬಗ್ಗುವುದಿಲ್ಲ. ಪಿಎಚ್ ಎಷ್ಟೇ ಏರಿಸಿದರೂ ಹೈಡ್ರಾಕ್ಸೈಡ್ ಆಗಿ ಇಳಿಯುವುದಿಲ್ಲ. ಕೇಕಿನ ಆ 70 ಪಾಲು ನೀರಿನಲ್ಲಿ ಹಾಯಾಗಿ ಕರಗಿ ಕೂತಿರುತ್ತದೆ. ಸಿಮೆಂಟ್ ಕಲಸಿದರೆ ಸಿಮೆಂಟಿನ ರಂಧ್ರಗಳ ನೀರಿಗೆ ಹೋಗುತ್ತದೆ, ಅಷ್ಟೇ. ಸ್ವಲ್ಪ ಪಾಲು ಎಟ್ರಿಂಗೈಟಿನ ಹರಳಲ್ಲಿ ಸಲ್ಫೇಟಿನ ಜಾಗ ಹಿಡಿದು ಕೂರಬಹುದು. ಉಳಿದದ್ದು ಮಳೆ ನೀರಿನ ದಾರಿ ಕಾಯುತ್ತದೆ.

ಆದ್ದರಿಂದ ಸಿಮೆಂಟಿಗಿಂತ ಮೊದಲು ಆರನ್ನು ಮೂರಕ್ಕೆ ಇಳಿಸಬೇಕು. ಪ್ಲೇಟಿಂಗ್ ಘಟಕಗಳಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಬಳಸುತ್ತಾರೆ. ಪಿಎಚ್ 3ಕ್ಕಿಂತ ಕೆಳಗಿದ್ದರೆ ಅದು ಚುರುಕಾಗಿ ಕೆಲಸ ಮಾಡುತ್ತದೆ. ಬೀಕರಿನಲ್ಲಿ ಮಾಡಿ ನೋಡಿದರೆ ಮರೆಯುವಂಥದ್ದಲ್ಲ: ಕಿತ್ತಳೆ ಬಣ್ಣದ ದ್ರಾವಣಕ್ಕೆ ಬಿಳಿ ಪುಡಿ ಬಿದ್ದ ಕಡೆಯಿಂದ ಹಸಿರು ಹರಡುತ್ತಾ ಬಂದು, ಕೆಲವೇ ನಿಮಿಷಗಳಲ್ಲಿ ಇಡೀ ಬೀಕರ್ ಹಸಿರಾಗುತ್ತದೆ. ಆ ಘಟಕದಲ್ಲಿ ಎಡವಿದ್ದು ಇಲ್ಲೇ. ಸತುವಿನ ತೊಟ್ಟಿಯನ್ನು ತೊಳೆದ ಕ್ಷಾರ ನೀರು, ಕ್ರೋಮ್ ತೊಳೆದ ಆಮ್ಲ ನೀರು, ಎರಡೂ ಒಂದೇ ಟ್ಯಾಂಕಿಗೆ ಬೀಳುತ್ತಿದ್ದವು. ಬೆರೆತ ನೀರಿನ ಪಿಎಚ್ 3ರ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಮೆಟಾಬೈಸಲ್ಫೈಟ್ ಚೀಲಗಟ್ಟಲೆ ಹಾಕಿದರೂ ಅರ್ಧಂಬರ್ಧ ಕೆಲಸ. ಹುಡುಗರು ನಿಯತ್ತಿನಿಂದ ಪುಡಿ ಹಾಕುತ್ತಿದ್ದರು, ಪೈಪು ಅವರ ಶ್ರಮವನ್ನು ಹಾಳು ಮಾಡುತ್ತಿತ್ತು.

ಈಗಾಗಲೇ ಕೇಕ್ ಆಗಿಹೋದದ್ದಕ್ಕೆ ಬೇರೆ ಮದ್ದಿದೆ: ಫೆರಸ್ ಸಲ್ಫೇಟ್. ನಮ್ಮ ರೈತರಿಗೆ ಇದು ಹೊಸದಲ್ಲ. ಎರಿ ಭೂಮಿಯಲ್ಲಿ ಶೇಂಗಾ ಎಲೆ ಹಳದಿ ತಿರುಗಿದಾಗ ಕಬ್ಬಿಣದ ಕೊರತೆಗೆ ಸಿಂಪಡಿಸುವ ಅನ್ನಭೇದಿಯೇ ಇದು. ಇದರಲ್ಲಿರುವ ಎರಡರ ಸ್ಥಿತಿಯ ಕಬ್ಬಿಣ ತಾನು ಮೂರಕ್ಕೆ ಏರಿ, ಕ್ರೋಮಿಯಂ ಅನ್ನು ಆರರಿಂದ ಮೂರಕ್ಕೆ ಇಳಿಸುತ್ತದೆ. ಕ್ಷಾರದಲ್ಲೂ ಕೆಲಸ ಮಾಡುತ್ತದೆ ಅನ್ನುವುದು ಇದರ ದೊಡ್ಡ ಗುಣ. ಲೆಕ್ಕ ಹಾಕಿದರೆ 1 ಕೆಜಿ ಆರರ ಕ್ರೋಮಿಯಂಗೆ ಸುಮಾರು 16 ಕೆಜಿ ಅನ್ನಭೇದಿ ಹರಳು ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ, ಯಾಕೆಂದರೆ ಗಾಳಿಯ ಆಮ್ಲಜನಕವೂ ಒಂದು ಪಾಲು ತಿನ್ನುತ್ತದೆ.

ಇಲ್ಲಿ ಗೌಂಡಿಗಳ ಕೈಯ ಬಗ್ಗೆಯೂ ಒಂದು ಮಾತು. ವರ್ಷಗಟ್ಟಲೆ ಗಾರೆ ಕಲಸಿದವರ ಅಂಗೈ ಬಿರಿದು, ತುರಿಸಿ, ಸಿಪ್ಪೆ ಏಳುವುದನ್ನು ನೋಡಿರುತ್ತೀರಿ. ಸುಣ್ಣದ ಸುಡುವಿಕೆ ಒಂದು ಕಾರಣ. ಇನ್ನೊಂದು, ಸಿಮೆಂಟಿನಲ್ಲಿ ತಾನೇ ಇರುವ ಕೊಂಚ ಆರರ ಕ್ರೋಮಿಯಂ. ಅದು ಚರ್ಮಕ್ಕೆ ಅಲರ್ಜಿ ತರುತ್ತದೆ. ಯುರೋಪಿನಲ್ಲಿ 2005ರಿಂದ ಸಿಮೆಂಟಿನ ನೀರಲ್ಲಿ ಕರಗುವ ಆರರ ಕ್ರೋಮಿಯಂ ಹತ್ತು ಲಕ್ಷಕ್ಕೆ 2 ಪಾಲು ಮೀರಬಾರದು ಎಂಬ ಮಿತಿ ಇದೆ. ಅದನ್ನು ಪಾಲಿಸಲು ಅಲ್ಲಿನ ಕಾರ್ಖಾನೆಗಳು ಸಿಮೆಂಟಿಗೆ ಬೆರೆಸುವುದರಲ್ಲಿ ಈ ಅನ್ನಭೇದಿಯೂ ಒಂದು. ನಮ್ಮ ಗೌಂಡಿಗಳ ಕೈಗೆ ಕನಿಷ್ಠ ರಬ್ಬರ್ ಗವಸನ್ನಾದರೂ ಕೊಡಿಸಬೇಕೆಂದು ನನಗೆ ಬಹಳ ದಿನದಿಂದ ಅನಿಸುತ್ತಿದೆ.

18 ತಾಸಿನ ಪರೀಕ್ಷೆ

ಪಾಕ ಸರಿಯಾಯಿತೆಂದು ತಿಳಿಯುವುದು ಹೇಗೆ? ಸುತ್ತಿಗೆಯಿಂದ ಬಡಿದು ನೋಡುವುದಲ್ಲ. ಬಲದ ಪರೀಕ್ಷೆಯೂ ಇದೆ, ಆದರೆ ಅದು ಕೇಳುವುದು ಬಹಳ ಕಡಿಮೆ. ಅಮೆರಿಕದ ಪರಿಸರ ಸಂಸ್ಥೆಯ ಮಾರ್ಗಸೂಚಿಯಲ್ಲಿ ಕನಿಷ್ಠ ಬಲ ಚದರ ಇಂಚಿಗೆ 50 ಪೌಂಡ್, ಅಂದರೆ ಮನೆಯ ಸ್ಲ್ಯಾಬಿನ ಕಾಂಕ್ರೀಟಿನ ಐವತ್ತನೇ ಒಂದು ಭಾಗದಷ್ಟೂ ಇಲ್ಲ. ಮೇಲೆ ಮಣ್ಣು ಹೇರಿದಾಗ, ಯಂತ್ರ ಓಡಾಡಿದಾಗ ಕುಸಿಯದಿದ್ದರೆ ಸಾಕು. ಜೊತೆಗೆ ಬಿಡಿನೀರು ಇದೆಯೇ ಅನ್ನುವುದಕ್ಕೆ ಸರಳ ಪರೀಕ್ಷೆ ಇದೆ. ಪೇಂಟ್ ಸೋಸುವ ಜಾಲರಿಯ ಕೋನದಲ್ಲಿ ತ್ಯಾಜ್ಯ ಹಾಕಿ 5 ನಿಮಿಷ ಬಿಡುತ್ತಾರೆ. ಒಂದು ಹನಿ ಕೆಳಗೆ ಬಿದ್ದರೂ ಫೇಲು.

ನಿಜವಾದ ಪರೀಕ್ಷೆಯ ಹೆಸರು ಟಿಸಿಎಲ್‌ಪಿ, ಅಂದರೆ ವಿಷ ಸೋರಿಕೆಯ ಪರೀಕ್ಷೆ. ಅಮೆರಿಕದಲ್ಲಿ 1990ರಲ್ಲಿ ಜಾರಿಗೆ ಬಂತು. ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಎರಡನೇ ಅನುಸೂಚಿಯೂ ಇದನ್ನೇ ಬಳಸುತ್ತದೆ. 28 ದಿನ ಹಣ್ಣಾದ ಅಚ್ಚನ್ನು ಮೊದಲು ಒಡೆದು ಪುಡಿ ಮಾಡಬೇಕು, 9.5 ಮಿಲಿಮೀಟರಿನ ಜಾಲರಿಯಲ್ಲಿ ಇಳಿಯುವಷ್ಟು. ಕಷ್ಟಪಟ್ಟು ಕಟ್ಟಿದ್ದನ್ನು ಯಾಕೆ ಒಡೆಯಬೇಕು ಎಂದು ನಮ್ಮಲ್ಲಿಗೆ ಬಂದಿದ್ದ ಮಾಲೀಕರೂ ಕೇಳಿದರು. ನೆಲದಡಿಯಲ್ಲಿ ಅದು ಎಂದಾದರೂ ಬಿರಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡು ಪರೀಕ್ಷಿಸುವುದು ಇದರ ಕ್ರಮ. ಆ ಪುಡಿಯ 100 ಗ್ರಾಮಿಗೆ 2 ಲೀಟರ್ ತೆಳು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಆಮ್ಲ. ಕೊಳೆಯುವ ಊರ ಕಸದ ಜೊತೆ ಇದು ಬಿದ್ದರೆ ಎಂಥ ಆಮ್ಲ ತಾಗಬಹುದೋ ಅದರ ಅನುಕರಣೆ. ಬಾಟಲಿಯನ್ನು ಯಂತ್ರಕ್ಕೆ ಕಟ್ಟಿ ನಿಮಿಷಕ್ಕೆ 30 ಸುತ್ತಿನಂತೆ ತಲೆಕೆಳಗು ಮಾಡುತ್ತಾ 18 ತಾಸು ತಿರುಗಿಸುತ್ತಾರೆ. ನಾವು ಸಂಜೆ 6ಕ್ಕೆ ಹಾಕಿ ಮರುದಿನ ಮಧ್ಯಾಹ್ನ 12ಕ್ಕೆ ಇಳಿಸುತ್ತೇವೆ. ಸೋಸಿದ ನೀರಿನಲ್ಲಿ ಸೀಸ ಲೀಟರಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂ 1, ಪಾದರಸ 0.2 ಮುಟ್ಟಿದರೆ ಅದು ಅಪಾಯಕಾರಿ.

ಈ ಸಂಖ್ಯೆಗಳನ್ನು ಓದುವುದರಲ್ಲಿ ಒಂದು ಎಚ್ಚರ ಬೇಕು. ಕೆಸರಿಗೆ ಸಮತೂಕದ ಉಸುಕು ಬೆರೆಸಿದರೂ ಸೋರುವ ಲೋಹದ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಏನೂ ಕಟ್ಟಿಹಾಕಿಲ್ಲ, ತೆಳುವಾಗಿಸಿದ್ದೇವೆ ಅಷ್ಟೇ. ಹಾಗಾಗಿ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು 1 ಕೆಜಿ ಮೂಲ ಕೆಸರಿಗೆ ಎಷ್ಟು ಬೆರೆಸಿದ್ದಾರೆ ಅನ್ನುವುದನ್ನು. ಒಟ್ಟು ಲೋಹದಲ್ಲಿ ಎಷ್ಟು ಪಾಲು ಹೊರಬಂತು ಅನ್ನುವ ಲೆಕ್ಕವೇ ಸರಿಯಾದ ಲೆಕ್ಕ. ಇನ್ನೊಂದು ಸೂಕ್ಷ್ಮ: ಸಿಮೆಂಟಿನ ಸುಣ್ಣ ಆ ಆಮ್ಲವನ್ನು ನುಂಗಿಹಾಕುತ್ತದೆ. 18 ತಾಸಿನ ಕೊನೆಗೆ ಬಾಟಲಿಯೊಳಗೆ ಆಮ್ಲವೇ ಉಳಿದಿರದೆ ಕ್ಷಾರವಾಗಿರಬಹುದು. ಅಂದರೆ ಅಚ್ಚು ಇವತ್ತು ಪಾಸಾಗಿದ್ದು ತನ್ನ ಸುಣ್ಣದ ಬಲದಿಂದ. ಆ ಸುಣ್ಣ ಶಾಶ್ವತವಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಳ ಮೇಲೆ ಅದನ್ನು ಸುಣ್ಣಕಲ್ಲಾಗಿಸುತ್ತದೆ, ಪಿಎಚ್ ಇಳಿಯುತ್ತದೆ. ಹಳೆಯ ಮನೆಗಳ ಸಜ್ಜದಿಂದ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಸರಳು ಇಣುಕುವುದು ಇದೇ ಕಾರಣಕ್ಕೆ. ಸುಣ್ಣ ಇರುವಷ್ಟು ದಿನ ಸರಳು ಸುರಕ್ಷಿತ, ಅದು ಹೋದ ಮೇಲೆ ತುಕ್ಕು.

ಹಿತ್ತಲಿನ ಪೇವರಿಗೆ ನನ್ನ ಅಡ್ಡಿ ಇಲ್ಲಿಂದಲೇ ಶುರುವಾಗುತ್ತದೆ. ಪೇವರ್ ದಿನವೂ ಸವೆಯುತ್ತದೆ. ಲಾರಿ ಹತ್ತಿ ಮೂಲೆ ಒಡೆಯುತ್ತದೆ. ಹುಬ್ಬಳ್ಳಿಯ ಧೂಳಿನಲ್ಲಿ ಆ ಪುಡಿಯೂ ಸೇರುತ್ತದೆ, ಉಸಿರಿಗೂ ಹೋಗುತ್ತದೆ. ಕೆಳಗಿನ ಎರಿ ಮಣ್ಣು ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು ಬಿಡುವಂಥದ್ದು, ಅದರ ಮೇಲಿನ ಯಾವ ಹಾಸೂ ಸಮನಾಗಿ ಉಳಿಯುವುದಿಲ್ಲ. ನಾಲ್ಕು ವರ್ಷದ ಮೇಲೆ ಜಾಗ ಮಾರಿದರೆ ಹೊಸಬರು ಅದನ್ನು ಕಿತ್ತು ಇನ್ನೆಲ್ಲೋ ತಗ್ಗು ತುಂಬಲು ಒಯ್ಯುತ್ತಾರೆ. ಅದು ಏನೆಂದು ಅವರಿಗೆ ಹೇಳುವವರು ಯಾರು? ಹುಬ್ಬಳ್ಳಿಯ ಮಳೆನೀರು ಬೆಣ್ಣಿಹಳ್ಳದ ಕಡೆ ಇಳಿಯುತ್ತದೆ. ಬೆಣ್ಣಿಹಳ್ಳ ನವಲಗುಂದ, ರೋಣದ ಹೊಲಗಳ ನಡುವೆ ಹರಿದು ಮಲಪ್ರಭೆಗೆ ಸೇರುತ್ತದೆ. ಹಿತ್ತಲಲ್ಲಿ ಬಿಟ್ಟದ್ದು ಹಿತ್ತಲಲ್ಲೇ ಉಳಿಯುವುದಿಲ್ಲ.

ಕಾನೂನು ಹೇಳುವುದೂ ಅದನ್ನೇ. ಲೋಹಕ್ಕೆ ಲೇಪ ಹಾಕುವ ಕೆಲಸದ ಕೆಸರು 2016ರ ನಿಯಮಗಳ ಮೊದಲನೇ ಅನುಸೂಚಿಯ ಪಟ್ಟಿಯಲ್ಲೇ ಇದೆ. ಅದನ್ನು ಇನ್ನೊಂದಕ್ಕೆ ಬಳಸಬೇಕಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಘಟಕದಲ್ಲಿ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ನೋಂದಾಯಿತ ಲಾರಿಯಲ್ಲಿ, ಏಳು ಪ್ರತಿಯ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆಪತ್ರ) ಜೊತೆ, ಅನುಮತಿ ಪಡೆದ ಸಂಸ್ಕರಣಾ ಕೇಂದ್ರಕ್ಕೆ ಕಳಿಸಬೇಕು. ತ್ಯಾಜ್ಯ ಪಡೆದ ಕೇಂದ್ರದಿಂದ ನೀಲಿ ಬಣ್ಣದ ಪ್ರತಿ ಕಳಿಸಿದವರಿಗೆ ವಾಪಸ್ ಬರುತ್ತದೆ. ಆ ನೀಲಿ ಹಾಳೆ ಕೈಗೆ ಬರುವ ತನಕ ಕೆಲಸ ಮುಗಿದಿಲ್ಲ ಎಂದೇ ತಿಳಿಯಬೇಕು. ಗೋಕುಲ ರಸ್ತೆಯಿಂದ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಕೇಂದ್ರಕ್ಕೆ ಹೋಗುವ ಲಾರಿ ಹಾವೇರಿ, ರಾಣೆಬೆನ್ನೂರು, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಸುಮಾರು 360 ಕಿಲೋಮೀಟರ್ ಓಡಬೇಕು. ಆ ಬಾಡಿಗೆಯೇ ಸಣ್ಣ ಘಟಕಗಳಿಗೆ ಭಾರ. ಪೇವರಿನ ಯೋಚನೆ ಹುಟ್ಟಿದ್ದೂ ಅದರಿಂದಲೇ. ಉತ್ತರ ಕರ್ನಾಟಕದ ಸಣ್ಣ ಉದ್ಯಮಿಗಳು ನಾಲ್ಕಾರು ಜನ ಸೇರಿ ಒಂದೇ ಲಾರಿ ತುಂಬಿಸಿಕೊಳ್ಳುವುದಕ್ಕೆ ಸಂಘಗಳು ಮುಂದಾಗಬೇಕು ಅನ್ನುವುದು ನನ್ನ ಆಗ್ರಹ.

ಇಂಥ ಕೇಂದ್ರದಲ್ಲಿ ಮಾಡುವುದೂ ಸಿಮೆಂಟ್, ಸುಣ್ಣ, ಹಾರುಬೂದಿ ಕಲಸುವ ಕೆಲಸವೇ. ವ್ಯತ್ಯಾಸ ಅದರ ಹಿಂದು-ಮುಂದಿನದು. ಲಾರಿ ಬಂದಾಗ ಮಾದರಿ ತೆಗೆದು ಪಾಕ ನಿರ್ಧರಿಸುತ್ತಾರೆ, ಕಲಸಿದ ಮೇಲೆ ಮತ್ತೆ ಪರೀಕ್ಷಿಸುತ್ತಾರೆ, ಪಾಸಾದರೆ ಮಾತ್ರ ಭದ್ರ ಹೂಳುಗುಂಡಿಗೆ. ಆ ಗುಂಡಿಯ ತಳದಲ್ಲಿ ಗಟ್ಟಿಸಿದ ಜೇಡಿಮಣ್ಣು, ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ, ಸೋರಿದ ನೀರು ಹಿಡಿಯಲು ಖಡಿ ಮತ್ತು ಪೈಪು. ಮಣ್ಣಿನ ಪದರದಲ್ಲಿ ನೀರು ಇಳಿಯುವ ವೇಗ ಸೆಕೆಂಡಿಗೆ ಸೆಂಟಿಮೀಟರಿನ ಕೋಟಿಯಲ್ಲೊಂದು ಪಾಲು ಮೀರಬಾರದು. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 3 ಸೆಂಟಿಮೀಟರ್. ಸಿಮೆಂಟ್ ಒಂದು ಬೀಗ, ಹಾಳೆ ಇನ್ನೊಂದು, ಮಣ್ಣು ಮತ್ತೊಂದು. ಒಂದು ಕೈಕೊಟ್ಟರೆ ಇನ್ನೊಂದು ಇದೆ. ಹಿತ್ತಲಿನ ಪೇವರಿಗೆ ಇರುತ್ತಿದ್ದದ್ದು ಒಂದೇ ಬೀಗ, ಅದಕ್ಕೂ ಸರಿಯಾದ ಕೀಲಿ ಇರುತ್ತಿರಲಿಲ್ಲ.

ಎಲ್ಲಕ್ಕಿಂತ ಅಗ್ಗದ ದಾರಿ ರಾಡಿಯನ್ನೇ ಕಡಿಮೆ ಮಾಡುವುದು. ಬಿಡಿಭಾಗಗಳ ಚೌಕಟ್ಟನ್ನು ತೊಟ್ಟಿಯಿಂದ ಎತ್ತಿದ ಮೇಲೆ ಅಲ್ಲೇ ಅರೆಗಳಿಗೆ ಹಿಡಿದು ಹನಿ ಬಸಿಯಲು ಬಿಟ್ಟರೂ ತೊಳೆಯುವ ನೀರಿಗೆ ಹೋಗುವ ಲೋಹ ಇಳಿಯುತ್ತದೆ. ಆರರ ಬದಲು ಮೂರರ ಕ್ರೋಮಿಯಂ ದ್ರಾವಣ ಬಳಸಿದರೆ ಮೂಲದಲ್ಲೇ ಪೀಡೆ ತಪ್ಪುತ್ತದೆ. ಯುರೋಪಿನ ವಾಹನ ನಿಯಮ 2007ರಿಂದ ಆರರ ಕ್ರೋಮಿಯಂ ಲೇಪವನ್ನು ತಡೆದ ಮೇಲೆ ವಾಹನ ಬಿಡಿಭಾಗದವರು ಹೆಚ್ಚಾಗಿ ಈ ದಾರಿ ಹಿಡಿದಿದ್ದಾರೆ.

ಮಾಲೀಕರಿಗಾಗಿ ಅದೇ ಡ್ರಮ್ಮಿನ ಕೇಕಿನಿಂದ ಎರಡು ಅಚ್ಚು ಮಾಡಿಟ್ಟಿದ್ದೆ. ಒಂದಕ್ಕೆ ಬರೀ ಸಿಮೆಂಟ್. ಇನ್ನೊಂದಕ್ಕೆ ಮೊದಲು ಅನ್ನಭೇದಿ ಕಲಸಿ, ಒಂದು ದಿನ ಬಿಟ್ಟು, ಆಮೇಲೆ ಅಷ್ಟೇ ಸಿಮೆಂಟ್. 28 ದಿನದ ಮೇಲೆ ಎರಡನ್ನೂ ಅವರ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು, ಉಗುರಿನಿಂದ ಕೆರೆದರು, ಒಂದಕ್ಕೊಂದು ತಾಗಿಸಿ ಸಪ್ಪಳ ಕೇಳಿದರು. "ಎರಡೂ ಸೇಮ್ ಅದಾವಲ್ರೀ" ಅಂದರು. ಒಡೆದು, ಬಾಟಲಿಗೆ ಹಾಕಿ ತಿರುಗಿಸಿ, ಮರುದಿನ ಮಧ್ಯಾಹ್ನ ಸೋಸಿದ ನೀರನ್ನು ಎರಡು ನಳಿಗೆಗಳಲ್ಲಿ ಹಾಕಿ, ಆಮ್ಲದ ಜೊತೆ ಡೈಫಿನೈಲ್ ಕಾರ್ಬಝೈಡ್ ಹನಿಸಿದೆ. ಆರರ ಕ್ರೋಮಿಯಂ ಇದ್ದರೆ ಅದು ನೇರಳೆ ತಿರುಗುತ್ತದೆ. ಅನ್ನಭೇದಿಯ ನಳಿಗೆ ತಿಳಿನೀರಾಗಿಯೇ ಉಳಿಯಿತು. ಬರೀ ಸಿಮೆಂಟಿನದು ನೇರಳೆಹಣ್ಣಿನ ರಸದಂತಾಯಿತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದನ್ನ ನಾನು ಅಂಗಳಕ್ಕ ಹಾಸಾಂವ ಇದ್ದೆ. ಮೊಮ್ಮಕ್ಕಳು ಅಲ್ಲೇ ಆಡ್ತಾವ್ರಿ" ಅಂದರು.

ಮುಂದಿನ ವಾರ ಇನ್ನೊಂದು ಮಾದರಿಗೆ ಹೋದಾಗ ಡ್ರಮ್ಮುಗಳು ಶೆಡ್ಡಿನೊಳಗೆ, ಕಟ್ಟಿಗೆಯ ಹಲಗೆಗಳ ಮೇಲೆ ಬಂದಿದ್ದವು. ಪ್ರತಿಯೊಂದರ ಮೇಲೂ ತಾರೀಖು ಬರೆದ ಚೀಟಿ ಇತ್ತು. ಒಳಗೆ ಪ್ಲಂಬರ್ ಹುಡುಗ ಗೋಡೆ ಕೊರೆಯುತ್ತಿದ್ದ, ಕ್ರೋಮ್ ತೊಳೆಯುವ ತೊಟ್ಟಿಯಿಂದ ಬೇರೆ ಟ್ಯಾಂಕಿಗೆ ಬೇರೆಯದೇ ಪೈಪು ಎಳೆಯಲು.